ಮರವಿಲ್ಲದ ಮರದ ಗಾಡಿ: ಒಂದು 1966ರ ಫೋರ್ಡ್ ವ್ಯಾಗನ್‌ನ ಗುರುತು ಹಿಡಿದದ್ದು

ಕಳೆದ ಅಕ್ಟೋಬರಿನ ಒಂದು ಶುಕ್ರವಾರ ರಾತ್ರಿ, ಊಟ ಮುಗಿಸಿ ಕೈ ತೊಳೆಯುತ್ತಿದ್ದಾಗ ಗೆಳೆಯನ ಫೋನು ಬಂತು. “ಮಾರಾಯ, ಸಿಕ್ಕಿಬಿಡ್ತು ಕಣೋ. ಅರವತ್ತಾರರ ಕಂಟ್ರಿ ಸ್ಕ್ವಯರ್. ಮೈತುಂಬ ಮರ. ನಾಳೆ ಬೆಳಗ್ಗೆ ಹೊರಡೋಣ, ನೀನು ಬರ್ಲೇಬೇಕು.”

ಇವನು ಸಾಗರದ ಕಡೆಯವನು. ಅಮೆರಿಕದ ಮಿಶಿಗನ್‌ಗೆ ಬಂದು ಹದಿನೈದು ವರ್ಷವಾಗಿದೆ, ಇಬ್ಬರು ಮಕ್ಕಳಿದ್ದಾರೆ. ನಾನು ಡಿಯರ್‌ಬಾರ್ನ್ ಸುತ್ತಮುತ್ತ ಗೇರ್‌ಬಾಕ್ಸ್ ಕೆಲಸ ಮಾಡಿಕೊಂಡು, ಶನಿವಾರ ಭಾನುವಾರ ಹಳೆ ಗಾಡಿಗಳ ಹೊಟ್ಟೆಯಡಿ ಮಲಗುವವನು. ಮನೆ ನೋಡಲು ಹೋಗುವಾಗ ವಾಸ್ತುವಿನವರನ್ನು ಕರೆದೊಯ್ಯುವ ಹಾಗೆ ಹಳೆ ಕಾರು ನೋಡಲು ನನ್ನನ್ನು ಕರೆಯುತ್ತಾರೆ. ಹೆಚ್ಚಿನ ಸಲ ನಾನು ಬೇಡ ಅನ್ನುತ್ತೇನೆ, ಅವರು ಕೊಳ್ಳುತ್ತಾರೆ. ಈ ಸಲ ಹಾಗಾಗಲಿಲ್ಲ, ಹಾಗಾಗಿ ಬರೆದಿಡುತ್ತಿದ್ದೇನೆ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: 1966ರ ಫೋರ್ಡ್ ಕಂಟ್ರಿ ಸ್ಕ್ವಯರ್, 390 (ಘನ ಇಂಚಿನ) ಇಂಜಿನ್, ಮೂರು ಸಾಲು ಸೀಟು, ಬೆಲೆ 19,500 ಡಾಲರ್. ಫೋಟೋದಲ್ಲಿ ಕುಂಕುಮದ ಬಣ್ಣದ ಉದ್ದನೆಯ ಗಾಡಿ, ಪಕ್ಕಕ್ಕೆಲ್ಲ ಮರದ ಹಲಗೆ ಹೊಡೆದಂತೆ ಕಾಣುವ ಹೊದಿಕೆ, ಅದರ ಸುತ್ತ ತಿಳಿಬಣ್ಣದ ಚೌಕಟ್ಟು.

ಊರಿನಲ್ಲಿ ಟಾಟಾ ಎಸ್ಟೇಟ್ ನೋಡಿದವರಿಗೆ ವ್ಯಾಗನ್ ಅಂದರೆ ಏನೆಂದು ಗೊತ್ತು: ಡಿಕ್ಕಿಯ ಜಾಗಕ್ಕೂ ಸೂರು ಹೊದಿಸಿದ ಕಾರು. ಆದರೆ ಅಮೆರಿಕದ ಅರವತ್ತರ ದಶಕದ ದೊಡ್ಡ ವ್ಯಾಗನ್ ಹದಿನೇಳು ಅಡಿ ಮೀರಿದ ಪ್ರಾಣಿ, ತೂಕ ಹತ್ತಿರಹತ್ತಿರ ಎರಡು ಟನ್ನು. ‘ಸ್ಟೇಷನ್ ವ್ಯಾಗನ್’ ಎಂಬ ಪೂರ್ತಿ ಹೆಸರು ಹುಟ್ಟಿದ್ದು ರೈಲ್ವೆ ಸ್ಟೇಷನ್ನಿನಿಂದ. ರೈಲಿಳಿದವರನ್ನೂ ಅವರ ಟ್ರಂಕುಗಳನ್ನೂ ಮನೆಗೆ, ಹೋಟೆಲಿಗೆ ಮುಟ್ಟಿಸುತ್ತಿದ್ದ ಗಾಡಿ. ಆ ಕಾಲದ ಮೈ ನಿಜವಾದ ಮರದ್ದೇ. ಫೋರ್ಡ್ 1929ರಲ್ಲಿ ಮಾಡೆಲ್ ಎ ವ್ಯಾಗನ್ ತಂದಾಗ ಅದರ ಮರಕ್ಕೆ ಮಿಶಿಗನ್‌ನ ಉತ್ತರದ ಕಾಡುಗಳು ಬಳಕೆಯಾದವು. ಅಲ್ಲಿನ ಐರನ್ ಮೌಂಟನ್ ಬಳಿ ಕಂಪನಿಗೆ ಸ್ವಂತ ಮರದ ಕಾರ್ಖಾನೆಯೇ ಇತ್ತು. ಅಲ್ಲಿ ಉಳಿದ ತುಂಡು, ಹೊಟ್ಟನ್ನು ಸುಟ್ಟು ಇದ್ದಿಲ ಬಿಲ್ಲೆ ಮಾಡಿ ಮಾರಿದರು. ಇಂದು ಅಮೆರಿಕದ ಹಿತ್ತಲುಗಳಲ್ಲಿ ಮಾಂಸ ಸುಡಲು ಬಳಸುವ ಕಿಂಗ್ಸ್‌ಫರ್ಡ್ ಇದ್ದಿಲು ಅದರದೇ ಸಂತಾನ. ಮರದ ಮೈಗೆ ಮತ್ತೆ ಮತ್ತೆ ವಾರ್ನಿಷ್ ಬಳಿಯಬೇಕು, ಇಲ್ಲದಿದ್ದರೆ ಕೊಳೆಯುತ್ತದೆ, ಸಂದು ಬಿಟ್ಟು ಕಿರುಗುಟ್ಟುತ್ತದೆ. 1952ರ ಹೊತ್ತಿಗೆ ಫೋರ್ಡ್ ವ್ಯಾಗನ್‌ಗಳ ಮೈಯೆಲ್ಲ ಉಕ್ಕಾಯಿತು. ಮರದ ಆಸೆ ಮಾತ್ರ ಹೋಗಲಿಲ್ಲ, ಅದು ಡೈ-ನಾಕ್ ಎಂಬ ಹಾಳೆಯಾಗಿ ಉಕ್ಕಿನ ಮೇಲೆ ಅಂಟಿಕೊಂಡಿತು. ಕಂಟ್ರಿ ಸ್ಕ್ವಯರ್ ಅಂದರೆ ಆ ಹಾಳೆ ಅಂಟಿಸಿದ, ಸಾಲಿನಲ್ಲೇ ದುಬಾರಿಯ ವ್ಯಾಗನ್. ಅದರ ಕೆಳಗೆ ಕಂಟ್ರಿ ಸೆಡಾನ್, ಅದಕ್ಕೂ ಕೆಳಗೆ ರಾಂಚ್ ವ್ಯಾಗನ್. ಹೆಸರಲ್ಲಿ ‘ಸೆಡಾನ್’ ಇದ್ದರೂ ಅದು ವ್ಯಾಗನ್ನೇ. ಈ ಹೆಸರಿಟ್ಟವರ ಮೇಲೆ ನನಗಿನ್ನೂ ಸಿಟ್ಟಿದೆ. ಮೂರಕ್ಕೂ ಉಕ್ಕಿನ ಮೈ ಒಂದೇ. ವ್ಯತ್ಯಾಸವೆಲ್ಲ ಒಡವೆಯಲ್ಲಿ.

ನಮ್ಮ ತಕರಾರು ಹುಟ್ಟಿದ್ದೂ ಅಲ್ಲೇ.

ಶನಿವಾರ ಬೆಳಗ್ಗೆ ಜ್ಯಾಕ್ಸನ್ ಕಡೆಯ ಒಂದು ತೋಟದ ಮನೆ. ಮಾರುವವರು ಎಪ್ಪತ್ತು ದಾಟಿದ ಹಿರಿಯರು, ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಕೊಟ್ಟಿಗೆಯ ಬಾಗಿಲು ತೆರೆದಾಗ ಗಾಡಿ ನಿಜಕ್ಕೂ ಚೆನ್ನಾಗಿ ಕಂಡಿತು. ಗೆಳೆಯ ಅರ್ಧ ಸೋತೇಬಿಟ್ಟಿದ್ದ. “ಸುಮ್ನೆ ನಿಂತ್ಕೋ, ಮುಖದಲ್ಲಿ ಏನೂ ತೋರಿಸ್ಬೇಡ” ಎಂದು ಕನ್ನಡದಲ್ಲಿ ಗದರಿದೆ. ಅವನು ನಕ್ಕ. ಹಿರಿಯರೂ ನಕ್ಕರು. ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿರಬೇಕು.

ನಾನು ಮೊದಲು ನೋಡುವುದು ವರ್ಷ. ದೊಡ್ಡ ಫೋರ್ಡ್‌ಗಳಲ್ಲಿ ಹೆಡ್‌ಲೈಟುಗಳು ಒಂದರ ಮೇಲೊಂದು ಕೂತಿದ್ದರೆ 1965, 66, 67, ಈ ಮೂರರಲ್ಲಿ ಒಂದು. ಹಿಂಬಾಗಿಲ ಹತ್ತಿರ ಹೋದೆ. 1965ರಲ್ಲಿ ಅದು ಕೆಳಕ್ಕೆ ಮಾತ್ರ ಬೀಳುತ್ತದೆ. 1966ರಲ್ಲಿ ಫೋರ್ಡ್ ‘ಮ್ಯಾಜಿಕ್ ಡೋರ್‌ಗೇಟ್’ ತಂದಿತು: ಸಾಮಾನು ತುಂಬುವಾಗ ಹಲಗೆಯಂತೆ ಕೆಳಕ್ಕೆ ಬೀಳಿಸಬಹುದು, ಜನ ಹತ್ತುವಾಗ ಎಡಗಡೆಯ ಕೀಲಿನ ಮೇಲೆ ಬಾಗಿಲಂತೆ ತೆರೆಯಬಹುದು. ಆದರೆ ಬಾಗಿಲಾಗಿ ತೆರೆಯಬೇಕಾದರೂ ಮೊದಲು ಗಾಜನ್ನು ಇಳಿಸಲೇಬೇಕು. ಗಾಜು ಮೇಲಿದ್ದಾಗಲೇ ತೆರೆಯುವ ಅನುಕೂಲ ಬಂದದ್ದು 1969ರಲ್ಲಿ. ಹಿರಿಯರು ಗಾಜು ಇಳಿಸಿ, ಹಿಡಿಕೆ ಎಳೆದು, ಅಷ್ಟು ಭಾರದ ಬಾಗಿಲನ್ನು ಒಂದೇ ಬೆರಳಲ್ಲಿ ತೆರೆದು ತೋರಿಸಿದರು. ಕೀಲು ಸವೆದಿಲ್ಲ. ಅಲ್ಲಿಗೆ 1965 ಹೋಯಿತು.

66 ಮತ್ತು 67ರ ನಡುವೆ ಬಾನೆಟ್ ಎತ್ತಿದರೆ ಸಾಕು. 67ರಿಂದ ಬ್ರೇಕಿನ ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಕೋಣೆ, ಮುಂದಿನ ಚಕ್ರಕ್ಕೊಂದು, ಹಿಂದಿನದಕ್ಕೊಂದು. ಇದರಲ್ಲಿ ಒಂದೇ ಕೋಣೆ. 67ರ ಫೋರ್ಡ್ ಸ್ಟೀರಿಂಗಿನ ನಡುವೆ ದಪ್ಪಗೆ ಮೆತ್ತೆ ತುಂಬಿದ ಗುಬುಟು ಇರುತ್ತದೆ, ಅದೂ ಇಲ್ಲ. ಆ ಕಾಲದಲ್ಲಿ ಅಮೆರಿಕ ಸರ್ಕಾರ ಸುರಕ್ಷತೆಯ ನಿಯಮಗಳನ್ನು ಒಂದೊಂದಾಗಿ ಹೇರುತ್ತಿದ್ದದ್ದರಿಂದ, ದಶಕದ ಕೊನೆಯ ಗಾಡಿಗಳನ್ನು ಮರದ ಸುತ್ತುಗಳನ್ನು ಎಣಿಸಿದ ಹಾಗೆ ವರ್ಷ ಗುರುತಿಸಬಹುದು: ಪಕ್ಕದಲ್ಲಿ ಪುಟ್ಟ ದೀಪ ಕಂಡರೆ 1968ರದೋ ಆಮೇಲಿನದೋ, ಸೀಟಿಗೆ ತಲೆದಿಂಬು ಕಂಡರೆ 1969 ಅಥವಾ ಆಚೆಗಿನದು. ಪಾರ್ಟುಗಳನ್ನು ಬದಲಿಸಿರುವ ಸಾಧ್ಯತೆ ಇದ್ದೇ ಇರುತ್ತದೆ, ಹಾಗಾಗಿ ಒಂದೇ ಗುರುತನ್ನು ನಂಬಬಾರದು. ಇಲ್ಲಿ ನಾಲ್ಕೂ ಒಂದೇ ಮಾತು ಹೇಳಿದವು. 1966.

ಗೆಳೆಯನ ಕಣ್ಣು ಅರಳಿತು. ನಾನು ಡ್ರೈವರ್ ಕಡೆಯ ಬಾಗಿಲು ತೆರೆದೆ.

ತಗಡು ಹೇಳಿದ್ದು

ಆ ಕಾಲದ ಫೋರ್ಡ್‌ಗಳ ಜಾತಕ ಡ್ರೈವರ್ ಬಾಗಿಲಿನ ಅಂಚಿನಲ್ಲಿ ಒಂದು ಪುಟ್ಟ ಲೋಹದ ತಗಡಿನಲ್ಲಿ ಇರುತ್ತದೆ. ಇದರ ಮೇಲೆ ಬಣ್ಣ ಬಳಿದಿದ್ದರು. ಹಿರಿಯರ ಒಪ್ಪಿಗೆ ಕೇಳಿ, ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ನಿಧಾನವಾಗಿ ಉಜ್ಜಿದೆ. ಕುಂಕುಮದ ಬಣ್ಣ ಬಟ್ಟೆಗೆ ಬಂತು, ಅಕ್ಷರಗಳು ಎದ್ದವು. 1981ರಿಂದೀಚೆಗಿನ ಗಾಡಿಗಳಂತೆ ಹದಿನೇಳು ಅಕ್ಷರದ ನಂಬರ್ ಇಲ್ಲಿರುವುದಿಲ್ಲ, ಹನ್ನೊಂದೇ. ಮೊದಲ ಐದು ಹೀಗಿದ್ದವು: 6, ಯು, 7, 4, ಝಡ್.

6 ಅಂದರೆ 1966. ಯು ಅಂದರೆ ಕೆಂಟುಕಿಯ ಲೂಯಿವಿಲ್ ಕಾರ್ಖಾನೆ. ಝಡ್ ಅಂದರೆ ನಾಲ್ಕು ಬಾಯಿಯ ಕಾರ್ಬುರೇಟರಿನ 390 ಇಂಜಿನ್, ಅಂದರೆ 6.4 ಲೀಟರ್, 315 ಅಶ್ವಶಕ್ತಿ. ಇಲ್ಲಿಯವರೆಗೆ ಜಾಹೀರಾತಿನ ಮಾತು ಸರಿಯೇ.

ನಡುವಿನ 74ರಲ್ಲಿ ನನ್ನ ಬೆರಳು ನಿಂತಿತು. ದೊಡ್ಡ ಫೋರ್ಡ್ ವ್ಯಾಗನ್‌ಗಳಲ್ಲಿ ಆ ಎರಡು ಅಂಕಿ ಮೈಯ ಜಾತಿಯನ್ನು ಹೇಳುತ್ತವೆ. 71 ರಾಂಚ್ ವ್ಯಾಗನ್. 72 ಎರಡು ಸಾಲಿನ ಕಂಟ್ರಿ ಸೆಡಾನ್, 74 ಮೂರು ಸಾಲಿನದು. 76 ಎರಡು ಸಾಲಿನ ಕಂಟ್ರಿ ಸ್ಕ್ವಯರ್, 78 ಮೂರು ಸಾಲಿನದು. ನಮ್ಮ ಮುಂದೆ ನಿಂತದ್ದು 78 ಆಗಿರಬೇಕಿತ್ತು.

ತಗಡಿನ ಬಣ್ಣದ ಅಂಕಣದಲ್ಲಿ ಎಮ್ ಅಂತ ಇತ್ತು. ಅದು ವಿಂಬಲ್ಡನ್ ವೈಟ್. ಬಾಗಿಲಿನ ಕೀಲಿನ ಒಳಸಂದಿಗೆ ಟಾರ್ಚ್ ಹಿಡಿದರೆ, ಕುಂಕುಮದ ಪದರ ಮುಗಿದ ಜಾಗದಲ್ಲಿ ಹಾಲಿನ ಕೆನೆಯಂಥ ಬಿಳಿ. ತಾರೀಕಿನ ಅಂಕಣದಲ್ಲಿ 22ಸಿ. ಜನವರಿಗೆ ಎ, ಫೆಬ್ರವರಿಗೆ ಬಿ, ಹಾಗೆ ಎಣಿಸಿದರೆ ಮಾರ್ಚ್ 22.

ತಗಡನ್ನು ಒಂದು ಬಾಗಿಲಿಂದ ಕಿತ್ತು ಇನ್ನೊಂದಕ್ಕೆ ಹೊಡೆಯಬಹುದಲ್ಲ? ಬಾಗಿಲನ್ನೇ ಬದಲಿಸಿರಬಹುದಲ್ಲ? ಗೆಳೆಯ ಇದನ್ನೇ ಕೇಳಿದ, ಆಸೆಯಿಂದ. ನ್ಯಾಯವಾದ ಪ್ರಶ್ನೆ. ಹಾಗಾಗಿ ಬಾನೆಟ್ ಅಡಿಯ ಉಕ್ಕಿನ ಮೇಲೆ ಗುದ್ದಿದ ನಂಬರನ್ನು ಹುಡುಕಿದೆವು. ಗ್ರೀಸು ಕೆರೆದ ಮೇಲೆ ಅಲ್ಲೂ ಅದೇ ಹನ್ನೊಂದು. ಗಾಡಿಯ ಒಡೆತನ ಹೇಳುವ ಟೈಟಲ್ ಕಾಗದದಲ್ಲೂ ಅದೇ. ತಮಾಷೆಯೆಂದರೆ ಆ ಕಾಗದದಲ್ಲಿ ‘ಫೋರ್ಡ್, ಸ್ಟೇಷನ್ ವ್ಯಾಗನ್, 1966’ ಎಂದಷ್ಟೇ ಇತ್ತು. ಸ್ಕ್ವಯರ್ ಎಂದು ಯಾವ ಕಾಗದವೂ ಎಂದೂ ಹೇಳಿರಲಿಲ್ಲ. ಹೇಳಿದ್ದು ಹಿಂಬಾಗಿಲ ಮೇಲಿನ ಹೊಳೆಯುವ ಅಕ್ಷರಗಳು ಮಾತ್ರ.

ಇನ್ನು ಉಳಿದದ್ದು ಮರ. ಹಿಂದಿನ ಪಕ್ಕದ ಒಳಗಿನ ಹೊದಿಕೆಯ ನಾಲ್ಕು ಸ್ಕ್ರೂ ಬಿಚ್ಚಿ ಕೈಗನ್ನಡಿ ತೂರಿಸಿದೆ. ಹೊರಗಿನ ಚೌಕಟ್ಟಿನ ಪಟ್ಟಿಗಳನ್ನು ಹಿಡಿದಿರುವ ಕ್ಲಿಪ್ಪುಗಳಿಗೆ ಉಕ್ಕಿನಲ್ಲಿ ತೂತುಗಳಿವೆ. ಕಾರ್ಖಾನೆಯಲ್ಲಿ ಕೊರೆದಿದ್ದರೆ ತೂತಾದ ಮೇಲೆ ಬಣ್ಣದ ಸರದಿ, ತೂತಿನ ಅಂಚಿಗೂ ಪ್ರೈಮರ್ ಇಳಿದಿರುತ್ತದೆ. ಇಲ್ಲಿ ಅಂಚುಗಳೆಲ್ಲ ಬರಿ ಉಕ್ಕು, ತುಕ್ಕಿನ ಕೆಂಪು ಉಂಗುರ. ಎರಡು ಕಡೆ ಡ್ರಿಲ್ ಜಾರಿ ಗೀಚಿದ ಗುರುತು. ಸ್ವಲ್ಪ ಕೆಳಗೆ ಇನ್ನೊಂದು ಸಾಲು ಹಳೆಯ ತೂತುಗಳು, ಅಂಚಿನಲ್ಲಿ ಬಿಳಿ ಬಣ್ಣ, ಬಾಯಿಗೆ ಲಾಂಬಿ ತುಂಬಿ ಮುಚ್ಚಿದ್ದಾರೆ. ಕಂಟ್ರಿ ಸೆಡಾನಿನ ಕ್ರೋಮ್ ಪಟ್ಟಿ ಕೂತಿದ್ದ ಜಾಗ ಅದು. ಹೊರಗಿನಿಂದ ಅದೇ ಎತ್ತರದಲ್ಲಿ ಅಯಸ್ಕಾಂತ ಹಿಡಿದರೆ ಅಲ್ಲಲ್ಲಿ ಅಂಟದೆ ಜಾರಿತು.

ಯಾರೋ ಒಬ್ಬ ಪುಣ್ಯಾತ್ಮ ಗುಜರಿಗೆ ಹೋದ ಸ್ಕ್ವಯರ್ ಒಂದರಿಂದ ಒಡವೆಗಳನ್ನೆಲ್ಲ ಬಿಚ್ಚಿ ತಂದು ಈ ಬಿಳಿ ಸೆಡಾನಿಗೆ ತೊಡಿಸಿದ್ದ. ಕೆಲಸ ಮಾತ್ರ ಶ್ರದ್ಧೆಯದು. ಪಟ್ಟಿಗಳ ಮೂಲೆ ಕೂಡಿದ ಜಾಗದಲ್ಲಿ ಕೂದಲೆಳೆಯ ಸಂದೂ ಇಲ್ಲ.

ಕಡ್ಡಿ ಹೇಳಿದ್ದು

ಹಿರಿಯರಿಗೆ ಆಗಲೇ ಹೇಳಲಿಲ್ಲ. ಇಂಜಿನ್ ಬಾಕಿ ಇತ್ತು, ಮತ್ತು ಬಾನೆಟ್ ಎತ್ತಿದಾಗಿನಿಂದಲೂ ನನಗೊಂದು ಅನುಮಾನ. ಝಡ್ ಅಂದರೆ ನಾಲ್ಕು ಬಾಯಿಯ ಕಾರ್ಬುರೇಟರ್ ಎಂದೆನಲ್ಲ, ಇದರ ಮೇಲೆ ಕೂತದ್ದು ಎರಡು ಬಾಯಿಯದು. ಪೆಟ್ರೋಲು ಉಳಿಸಲು ಯಾರೋ ಬದಲಿಸಿರಬಹುದು, ಅದರಿಂದಲೇ ಏನನ್ನೂ ಹೇಳಲಾಗದು.

ಫೋರ್ಡ್‌ನ ಈ ವಂಶದ ಇಂಜಿನ್‌ಗಳನ್ನು ಎಫ್‌ಇ ಎನ್ನುತ್ತಾರೆ. 352, 360, 390, 428 ಇವೆಲ್ಲ ಹೊರಗಿನಿಂದ ಅವಳಿಜವಳಿಗಳು. ಇನ್ನೂ ಮಜವೆಂದರೆ ಎಷ್ಟೋ ಬ್ಲಾಕುಗಳ ಮುಂದುಗಡೆ, ಒಳಗೆ ಏನೇ ಇರಲಿ, ‘352’ ಎಂದೇ ಎರಕದಲ್ಲಿ ಮೂಡಿರುತ್ತದೆ. ಅದನ್ನು ಓದಿ ಒಳ್ಳೆಯ 390 ಬಿಟ್ಟು ಬಂದವರನ್ನೂ ನಾನು ಬಲ್ಲೆ. ನಂಬಬಹುದಾದ್ದು ಪಿಸ್ಟನ್ ಎಷ್ಟು ದೂರ ಓಡುತ್ತದೆ ಎಂಬ ಅಳತೆ. 390ರಲ್ಲಿ ಅದು 3.78 ಇಂಚು, ಅಂದರೆ 96 ಮಿಲಿಮೀಟರ್. 352 ಮತ್ತು 360ರಲ್ಲಿ 3.5 ಇಂಚು, 89 ಮಿಲಿಮೀಟರ್.

ಎಂಟೂ ಸ್ಪಾರ್ಕ್ ಪ್ಲಗ್ ಬಿಚ್ಚಿದೆವು. ಒಂದನೇ ಸಿಲಿಂಡರಿನ ತೂತಿಗೆ ಪೆನ್ಸಿಲ್ ದಪ್ಪದ ನೇರವಾದ ಮರದ ಕಡ್ಡಿ ಇಳಿಬಿಟ್ಟೆ. ಕಡ್ಡಿ ಕೊಟ್ಟವರು ಹಿರಿಯರೇ, ತಮ್ಮ ಕೆಲಸದ ಮೇಜಿನಿಂದ ಆರಿಸಿ, ಬಾಗಿಲ್ಲವೆಂದು ಒಂದು ಕಣ್ಣು ಮುಚ್ಚಿ ನೋಡಿ. ಗೆಳೆಯ ಕ್ರ್ಯಾಂಕಿನ ಮುಂದಿನ ಬೋಲ್ಟಿಗೆ ಪಾನಾ ಹಾಕಿ ಕೈಯಲ್ಲೇ ತಿರುಗಿಸಿದ. ಕಡ್ಡಿ ನಿಧಾನಕ್ಕೆ ಏರಿತು, ನಿಂತಿತು, ಗುರುತು ಹಾಕಿದೆ. ಇಳಿಯಿತು, ನಿಂತಿತು, ಮತ್ತೊಂದು ಗುರುತು. ಪ್ಲಗ್ಗಿನ ತೂತು ಓರೆಯಾಗಿರುವುದರಿಂದ ಅಳತೆ ಒಂದೆರಡು ಮಿಲಿಮೀಟರ್ ಆಚೀಚೆ ಆಗುತ್ತದೆ, ಅದಕ್ಕೇ ಮೂರು ಸಲ ಮಾಡಿದೆವು. 90, 89, 90. ಏಳು ಮಿಲಿಮೀಟರ್ ವ್ಯತ್ಯಾಸವನ್ನು ಓರೆಯ ತಲೆಗೆ ಕಟ್ಟಲಾಗದು. 390 ಅಲ್ಲ.

ಹಾಗಾದರೆ 352ಓ, 360ಓ? ಬ್ಲಾಕಿನ ಪಕ್ಕದ ಮಡ್ಡಿ ಕೆರೆದಾಗ ಎರಕದ ಅಕ್ಷರಗಳು ಸಿಕ್ಕವು: ಡಿ4ಟಿಇ. ಫೋರ್ಡ್‌ನ ಲೆಕ್ಕದಲ್ಲಿ ಸಿ ಅಂದರೆ ಅರವತ್ತರ ದಶಕ, ಡಿ ಅಂದರೆ ಎಪ್ಪತ್ತರದು. ಡಿ4 ಅಂದರೆ 1974. ಟಿ ಅಂದರೆ ಟ್ರಕ್ಕು, ಇ ಅಂದರೆ ಇಂಜಿನ್. ಅಲ್ಲಿಗೆ ತೀರ್ಮಾನವಾಯಿತು. ಪಿಕಪ್ ಟ್ರಕ್ಕಿನ 360.

ಗೆಳೆಯ ಕೈ ಒರೆಸಿಕೊಳ್ಳುತ್ತ, “ಅಂದ್ರೆ ಮರವೂ ಸುಳ್ಳು, ಎದೆಯೂ ಸುಳ್ಳು” ಎಂದ. ಅವನು ಊರಲ್ಲಿ ತಾಳಮದ್ದಳೆ ಕೇಳಿ ಬೆಳೆದವನು, ಸೋತಾಗಲೂ ಮಾತು ಚೆನ್ನಾಗಿರುತ್ತದೆ.

ಎದೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. 66ರ ಝಡ್ ಇಂಜಿನ್ನಿನ ಕಂಪ್ರೆಷನ್ 10.5ಕ್ಕೆ 1. ಸೀಸ ಬೆರೆಸಿದ ಹಳೆಯ ಪ್ರೀಮಿಯಂ ಪೆಟ್ರೋಲಿಗೆಂದು ಮಾಡಿದ್ದದು. ಇಂದಿನ ಸಾಮಾನ್ಯ ಪೆಟ್ರೋಲ್ ಹಾಕಿದರೆ ಏರಿನಲ್ಲಿ ಕಟಕಟ ಬಡಿಯುತ್ತದೆ. ಟ್ರಕ್ಕಿನ 360 ಸೋಮಾರಿ, ಕಂಪ್ರೆಷನ್ ಕಡಿಮೆ, ಅಗ್ಗದ ಪೆಟ್ರೋಲನ್ನೇ ಕುಡಿದು ನೆಮ್ಮದಿಯಾಗಿರುತ್ತದೆ. ಹರಾಜಿಗೆ ನಿಲ್ಲಿಸುವ ಗಾಡಿಗೆ ಇದು ಕಳಂಕ. ಭಾನುವಾರ ಮಕ್ಕಳನ್ನು ಐಸ್‌ಕ್ರೀಮಿಗೆ ಕರೆದೊಯ್ಯುವ ಗಾಡಿಗೆ ಅಲ್ಲ.

ನನಗೆ ನಿಜವಾಗಿ ಭಯವಿದ್ದದ್ದು ಚಾಸಿಯದು. ಮಿಶಿಗನ್‌ನಲ್ಲಿ ಚಳಿಗಾಲದುದ್ದಕ್ಕೂ ರಸ್ತೆಗೆ ಉಪ್ಪು ಸುರಿಯುತ್ತಾರೆ, ಗಾಡಿಗಳು ಕೆಳಗಿನಿಂದ ಮೇಲಕ್ಕೆ ಸಾಯುತ್ತವೆ. ಜ್ಯಾಕಿನ ಮೇಲೆ ಎತ್ತಿ, ಹಿಂದಿನ ಆಕ್ಸಲ್‌ನ ಮೇಲೆ ಚಾಸಿ ಬಾಗುವ ಜಾಗದಲ್ಲಿ ಸ್ಕ್ರೂಡ್ರೈವರ್ ಒತ್ತಿ, ಪುಟ್ಟ ಸುತ್ತಿಗೆಯಿಂದ ಬಡಿಯುತ್ತ ಹೋದೆ. ಗಟ್ಟಿ ಉಕ್ಕು ಗಂಟೆಯಂತೆ ಕೇಳುತ್ತದೆ, ಕೊಳೆತದ್ದು ಹಲಸಿನಕಾಯಿಯಂತೆ. ಬಲಗಡೆ ಒಂದು ಗೇಣಿನಷ್ಟು ಜಾಗದಲ್ಲಿ ಹಲಸಿನ ದನಿ. ಹಳೆಯ ತೇಪೆಯೊಂದು ಅಂಚು ಬಿಡುತ್ತಿತ್ತು. ಹಿಂಬಾಗಿಲಿನ ತಳದಲ್ಲಿ ನೀರಿಳಿಯುವ ಕಿಂಡಿ ಕಟ್ಟಿ ಒಳಗೆ ಕೆಸರು. ಬೆಸುಗೆಯಲ್ಲಿ ಸರಿಹೋಗುವಂಥದ್ದೇ, ಆದರೆ ಪುಕ್ಕಟೆಯಲ್ಲ. ಗಾಜುಗಳು ಎಲ್ಲವೂ ಇದ್ದವು, ಅದು ದೊಡ್ಡ ಸಮಾಧಾನ. ಮುಂದಿನ ಅರ್ಧ ಮೈ ಗ್ಯಾಲಕ್ಸಿ ಕಾರಿನದೇ ಆದ್ದರಿಂದ ಪಾರ್ಟು ಹುಡುಕಿದರೆ ಸಿಗುತ್ತದೆ. ಹಿಂದಿನ ಪಕ್ಕದ ಉದ್ದ ಗಾಜು ಒಡೆದರೆ ಇನ್ನೊಂದು ವ್ಯಾಗನ್ ಸಾಯುವವರೆಗೆ ಕಾಯಬೇಕು. ಟೆಂಪರ್ ಮಾಡಿದ ಗಾಜು ಅದು, ಅಂಗಡಿಯಲ್ಲಿ ಅಳತೆಗೆ ಕೊಯ್ಯಿಸಲು ಬರುವುದಿಲ್ಲ.

ಹಿರಿಯರು ಕೇಳಿದ್ದು

ಹೇಳುವ ಕೆಲಸ ನನ್ನದಾಯಿತು. ಅವರು ಮೋಸಗಾರರಲ್ಲ ಎಂಬುದು ಅಷ್ಟರಲ್ಲಿ ಖಚಿತವಾಗಿತ್ತು. ಮೋಸ ಮಾಡುವವರು ತಗಡು ಉಜ್ಜಲು ಬಿಡುವುದಿಲ್ಲ, ಅಳೆಯಲು ಕಡ್ಡಿಯನ್ನೂ ಆರಿಸಿ ಕೊಡುವುದಿಲ್ಲ. ತೊಂಬತ್ತರ ದಶಕದಲ್ಲಿ ಕೊಂಡಾಗಲೇ ಗಾಡಿ ಹೀಗಿತ್ತಂತೆ. ನಾನು ತಗಡನ್ನೂ, ಕೈಗನ್ನಡಿಯಲ್ಲಿ ತೂತುಗಳನ್ನೂ ತೋರಿಸಿದೆ. ಅವರು ಬಹಳ ಹೊತ್ತು ಕನ್ನಡಿಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದರು. ಆಮೇಲೆ ಹೊರಗೆ ಬಂದು ಮರದ ಹಾಳೆಯ ಮೇಲೆ ಅಂಗೈ ಇಟ್ಟುಕೊಂಡು ಕೇಳಿದರು: “ಫೋರ್ಡ್‌ನವರು ಅಂಟಿಸಿದ್ದೂ ಸ್ಟಿಕ್ಕರೇ. ಇನ್ಯಾರೋ ಅಂಟಿಸಿದ್ದೂ ಸ್ಟಿಕ್ಕರೇ. ನಾನು ಬಡಗಿ, ಎರಡನ್ನೂ ಮರ ಅಂತ ಕರೆಯೋದಿಲ್ಲ. ಇದರಲ್ಲಿ ನಿಜವಾದ ಸುಳ್ಳು ಯಾವುದು?”

ನನ್ನಲ್ಲಿ ಉತ್ತರವಿತ್ತು, ಆದರೆ ಆ ಕೊಟ್ಟಿಗೆಯಲ್ಲಿ ನಿಂತು ಹೇಳಲು ಅದು ಬಹಳ ಸಣ್ಣದಾಗಿ ಕಂಡಿತು. ಬೆಲೆ ಕಟ್ಟುವವರಿಗೆ ಬೇಕಾದ್ದು ಮರವಲ್ಲ, 1966ರ ಮಾರ್ಚ್‌ನಲ್ಲಿ ಲೂಯಿವಿಲ್‌ನಲ್ಲಿ ಯಾರು ಏನು ಆರ್ಡರ್ ಮಾಡಿದ್ದರು ಎಂಬ ದಾಖಲೆ. ಆ ಲೆಕ್ಕದಲ್ಲಿ 74 ಯಾವತ್ತಿಗೂ 78 ಆಗುವುದಿಲ್ಲ. ಅಷ್ಟನ್ನೇ ಹೇಳಿದೆ. ಅವರು ತಲೆಯಾಡಿಸಿದರು.

ಬೆಲೆಯ ಮಾತು ನಾನಂದುಕೊಂಡಷ್ಟು ಕಷ್ಟವಾಗಲಿಲ್ಲ. ಸ್ಕ್ವಯರ್ ಅಲ್ಲದ್ದಕ್ಕೆ ಒಂದಿಷ್ಟು, ಇಂಜಿನ್‌ಗೆ ಒಂದಿಷ್ಟು, ಬೆಸುಗೆಗೆ ಇನ್ನೊಂದಿಷ್ಟು ಇಳಿಸಿ 12,800 ಡಾಲರಿಗೆ ನಿಂತಿತು. ಮಾರಾಟದ ರಶೀದಿಯಲ್ಲಿ ‘ಕಂಟ್ರಿ ಸೆಡಾನ್’ ಎಂದು ಬರೆಯಲೇಬೇಕೆಂದು ನಾನು ಹಟ ಹಿಡಿದೆ. ಮುಂದೊಂದು ದಿನ ಗೆಳೆಯನೋ ಅವನ ಮಕ್ಕಳೋ ಮಾರುವಾಗ ಇದೇ ಕತೆ ಮೊದಲಿಂದ ಶುರುವಾಗಬಾರದು. ಹಿರಿಯರು ತಾವೇ ಬರೆದರು, ದುಂಡಗಿನ ಅಕ್ಷರದಲ್ಲಿ, ಬರೆದು ಕೆಳಗೊಂದು ಗೆರೆಯನ್ನೂ ಎಳೆದರು.

ಚಳಿಗಾಲದಲ್ಲಿ ಚಾಸಿಯ ಬೆಸುಗೆ ಮುಗಿಯಿತು. ಒಂದೇ ಕೋಣೆಯ ಮಾಸ್ಟರ್ ಸಿಲಿಂಡರ್ ತೆಗೆಸಿ ಎರಡು ಕೋಣೆಯದನ್ನು ಹಾಕಿಸಿದೆ. ನಾಲ್ಕೂ ಡ್ರಮ್ ಬ್ರೇಕ್, ಎರಡು ಟನ್ ತೂಕ. ಎಲ್ಲೋ ಒಂದು ಪೈಪು ಸೋರಿದರೆ ನಾಲ್ಕೂ ಚಕ್ರದ ಬ್ರೇಕ್ ಒಟ್ಟಿಗೆ ಹೋಗುವ ಗಾಡಿಯಲ್ಲಿ ಮಕ್ಕಳನ್ನು ಕೂರಿಸಲು ನಾನು ಬಿಡುವುದಿಲ್ಲ, ಅಸಲಿಯತ್ತು ಹಾಳಾದರೆ ಹಾಳಾಗಲಿ. ಪೆಟ್ರೋಲಿನ ಹಳೆಯ ರಬ್ಬರ್ ಪೈಪುಗಳನ್ನೂ ಬದಲಿಸಿದೆವು, ಇಂದಿನ ಪೆಟ್ರೋಲಿನ ಎಥನಾಲ್‌ಗೆ ಅವು ತಡೆಯುವುದಿಲ್ಲ. ವಿಮೆಯ ಆನ್‌ಲೈನ್ ಫಾರ್ಮು ಹದಿನೇಳು ಅಕ್ಷರ ಬೇಕೆಂದು ಹನ್ನೊಂದನ್ನು ಮೂರು ಸಲ ತಿರಸ್ಕರಿಸಿತು. ಕೊನೆಗೆ ಫೋನಿನಲ್ಲಿ ಬರೆಸಿದ.

ಮಕ್ಕಳಿಗೆ ಇಷ್ಟವಾದದ್ದು ಮರವೂ ಅಲ್ಲ, ಇಂಜಿನ್ನೂ ಅಲ್ಲ. ಹಿಂದುಗಡೆ ನೆಲದಿಂದ ಎದ್ದು ನಿಲ್ಲುವ ಎರಡು ಪುಟ್ಟ ಸೀಟುಗಳು, ಎದುರುಬದುರು, ನಮ್ಮೂರಿನ ಹಳೆಯ ಮೆಟಡೋರ್ ವ್ಯಾನಿನ ಹಾಗೆ. ಅವುಗಳಿಗೆ ಬೆಲ್ಟ್ ಇಲ್ಲ, ಹಾಗಾಗಿ ಗಾಡಿ ನಿಂತಿದ್ದಾಗ ಮಾತ್ರ ಅಲ್ಲಿ ಕೂರಬಹುದು ಎಂಬುದು ಅಮ್ಮನ ಕಟ್ಟಪ್ಪಣೆ. ಓಡುವಾಗ ಹಿಂದಿನ ಗಾಜು ಮುಚ್ಚಿರಬೇಕು ಎಂಬುದು ನನ್ನದು. ತೆರೆದಿದ್ದರೆ ಗಾಡಿಯ ಬೆನ್ನ ಹಿಂದೆ ಸುಳಿಯುವ ಗಾಳಿ ಸೈಲೆನ್ಸರಿನ ಹೊಗೆಯನ್ನೆಲ್ಲ ಒಳಕ್ಕೆ ಎಳೆದುಕೊಳ್ಳುತ್ತದೆ. ಸಂಜೆ ಹೋಮ್‌ವರ್ಕು ಅಲ್ಲೇ ಆಗುತ್ತದಂತೆ, ಮನೆ ಮುಂದೆ ನಿಂತ ಗಾಡಿಯಲ್ಲಿ.

ಹಾಳೆಯನ್ನು ಕಿತ್ತು ಬಿಳಿ ಬಣ್ಣ ಬಳಿಸಿ ಮೂಲಕ್ಕೆ ತರಬೇಕೆಂದು ಇಲ್ಲಿನ ಪರಿಚಯದವರೊಬ್ಬರು ಗೆಳೆಯನಿಗೆ ಬುದ್ಧಿ ಹೇಳಿದ್ದಾರೆ. ನಾನು ಬೇಡ ಅಂದೆ. ಅವನು ಇನ್ನೂ ಯಾವುದನ್ನೂ ಒಪ್ಪಿಲ್ಲ. ಮೊನ್ನೆ ಮತ್ತೆ ಫೋನು. “ಬಿಸಿಲು ಬಿದ್ದು ಎಡಗಡೆ ಬಾಗಿಲಿನ ಮೂಲೆಯಲ್ಲಿ ಮರ ಏಳ್ತಾ ಇದೆ ಮಾರಾಯ. ಅಂಟಿಸ್ಲೋ, ಕೀಳ್ಲೋ?”

ಭಾನುವಾರ ಬರುತ್ತೇನೆ, ಅಲ್ಲಿಯವರೆಗೆ ಉಗುರು ಹಾಕಬೇಡ ಎಂದಿದ್ದೇನೆ.